ಎರಡೂವರೆ ಕಾದಂಬರಿಗಳ ಆಲ್ಬನ್ ಲಮೋತ್

ಆಲ್ಬನ್ ಲಮೋತ್ ಎಂಬ ಹೆಸರನ್ನು ನೀವು ಕೇಳಿರಲಾರಿರಿ. ಅದು ನಿಮ್ಮ ತಪ್ಪಲ್ಲ. ಹದಿಮೂರು ವರ್ಷ ಬಾಳಿದ ಜರ್ಮನಿಯ ಹ್ಯಾನೋವರ್‌ನಲ್ಲೇ ಅವರೊಬ್ಬ ಕಾದಂಬರಿಕಾರರೆಂದು ಗೊತ್ತಿದ್ದವರು ಬೆರಳೆಣಿಕೆಯಷ್ಟು. ಕೆಳಗಿನ ಮಹಡಿಯಲ್ಲಿದ್ದ ಮನೆಯೊಡತಿ ಫ್ರೌ ಕ್ರೋಗರ್ ಅವರನ್ನು 'ಮೇಲಿನ ಆಫ್ರಿಕದವರು' ಎನ್ನುತ್ತಿದ್ದರು. ಆಫ್ರಿಕದಲ್ಲಿ ಅವರು ಕಾಲಿಟ್ಟಿದ್ದೇ ಇಲ್ಲ. ಹುಟ್ಟಿದ್ದು 1921ರಲ್ಲಿ, ಕೆರಿಬಿಯನ್ ಸಮುದ್ರದ ಒಂದು ಪುಟ್ಟ ದ್ವೀಪದಲ್ಲಿ, ಹಾಯಿಹಡಗು ಕಟ್ಟುವ ಬಡಗಿಯ ಎರಡನೆಯ ಮಗನಾಗಿ. ಇಂಥವರ ಬಗ್ಗೆ ಬರೆಯಬೇಕಾದವರು ದೊಡ್ಡ ವಿಮರ್ಶಕರು. ಅವರಿಗೆ ಪುರುಸೊತ್ತಾಗಲಿಲ್ಲವಾದ್ದರಿಂದ, ಮೈಸೂರಿನಲ್ಲಿ ಸೀನಿಯರ್ ಟೈಪ್‌ರೈಟಿಂಗ್ ಪಾಸು ಮಾಡಿದ್ದೇ ಮಹಾವಿದ್ಯೆ ಎಂದುಕೊಂಡಿದ್ದ ನಾನು ಬರೆಯುತ್ತಿದ್ದೇನೆ. ಇನ್ನೊಂದು ಕಾರಣವೂ ಇದೆ. ಅವರ ಮೂರನೆಯ ಕಾದಂಬರಿಯನ್ನು ಅರ್ಧಕ್ಕೆ ನಿಲ್ಲಿಸಿದವಳು ನಾನು.

ನನ್ನ ಗಂಡ ತಿರುಮಲೇಶ ಹ್ಯಾನೋವರ್‌ನ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ರಬ್ಬರಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ಎರಡು ವರ್ಷಕ್ಕೆಂದು 1964ರಲ್ಲಿ ಬಂದವರು ಎಂಟು ವರ್ಷವಾದರೂ ಇಲ್ಲೇ ಇದ್ದೆವು. 1972ರ ಅಕ್ಟೋಬರಿನಲ್ಲಿ ಒಂದು ದಿನ ಅವರು ಕ್ಯಾಂಟೀನಿನ ನೋಟಿಸ್ ಬೋರ್ಡಿನಿಂದ ಒಂದು ಚೀಟಿ ಕಿತ್ತು ತಂದರು.

"ನಿರೂ, ಇದು ನಿಂಗೇ ಬರ್ದಂಗಿದೆ ನೋಡು. ಇಂಗ್ಲಿಷ್ ಟೈಪಿಸ್ಟ್ ಬೇಕಂತೆ, ಗುರುವಾರ ಆಫ್ಟರ್‌ನೂನ್ ಮಾತ್ರ. ಕೆಳಗೆ ಏನೋ ವಿಚಿತ್ರ ಕಂಡಿಷನ್ ಹಾಕಿದಾನೆ. ಕೇಳಿಸ್ಕೊಳೋಕೆ ಬರ್ಬೇಕಂತೆ."

"ಅದು ಬರತ್ತೆ ಬಿಡಿ. ನಿಮ್ ಜೊತೆ ಹತ್ತು ವರ್ಷ ಪ್ರಾಕ್ಟೀಸ್ ಆಗಿದೆ," ಎಂದೆ.

ಚೀಟಿಯಲ್ಲಿದ್ದ ವಿಳಾಸಕ್ಕೆ ಹೋದಾಗ ಬಾಗಿಲು ತೆರೆದವರು ಲಮೋತ್, ಎತ್ತರದ, ತುಸು ಬಾಗಿದ ಮನುಷ್ಯ. ಕೈಗಳು ಬಡಗಿಯ ಕೈಗಳಷ್ಟು ದೊಡ್ಡವು, ದನಿ ಮಾತ್ರ ಮೆಲ್ಲಗೆ. ಕಾಫಿ ಬಸಿದು, ಪ್ಲಮ್ ಕೇಕು ಕತ್ತರಿಸಿ ನನ್ನ ಮುಂದಿಟ್ಟು ತಮ್ಮ ಕೆಲಸದ ರೀತಿ ವಿವರಿಸಿದರು. ಅವರ ದ್ವೀಪದಲ್ಲಿ ಕಥೆ ಹೇಳುವವನು ನಡುನಡುವೆ "ಕ್ರಿಕ್?" ಎಂದು ಕೂಗುತ್ತಾನಂತೆ. ಕೇಳುವವರು "ಕ್ರ್ಯಾಕ್!" ಎನ್ನಬೇಕು. ಉತ್ತರ ಬಂದರಷ್ಟೇ ಕಥೆ ಮುಂದಕ್ಕೆ. ಬಾರದಿದ್ದರೆ ಅಲ್ಲಿಗೇ ನಿಲ್ಲಿಸಿಬಿಡಬೇಕು. ಯಾರೂ ಇಲ್ಲದ ಕೋಣೆಯಲ್ಲಂತೂ ಬಾಯಿ ತೆರೆಯಲೇಬಾರದು, ಸತ್ತವರು ಬಂದು ಕುಳಿತು ಕೇಳುತ್ತಾರೆ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಲಮೋತ್ ಬರೆಯುತ್ತಿದ್ದದ್ದೂ ಹಾಗೆಯೇ. ಮೊದಲು ಎದುರಿಗಿದ್ದವರಿಗೆ ಹೇಳಬೇಕು, ಆಮೇಲೆ ಕಾಗದ.

ನನಗೆ ನಗು ಬಂತು. "ನಮ್ಮಲ್ಲಿ ಹೂಂ ಅನ್ನುತ್ತೇವೆ," ಎಂದೆ. "ಹೂಂ ನಿಂತರೆ ನಮ್ಮಜ್ಜಿಯ ಕಥೆಯೂ ನಿಲ್ಲುತ್ತಿತ್ತು."

"ಹಾಗಾದರೆ ನಿಮಗೆ ಏನೂ ಕಲಿಸಬೇಕಾಗಿಲ್ಲ," ಎಂದರು. ಕೆಲಸ ಸಿಕ್ಕಿತು.

ಆ ಚಳಿಗಾಲದ ಗುರುವಾರಗಳಲ್ಲಿ ಅವರ ಬದುಕು ತುಣುಕು ತುಣುಕಾಗಿ ತಿಳಿಯಿತು. ದ್ವೀಪದ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. 1951ರಲ್ಲಿ ಲಂಡನ್ನಿಗೆ ಹಡಗು ಹತ್ತಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತ, ಬಾಡಿಗೆ ಮನೆಯ ಸಂಗಾತಿಗಳಿಗೆ ಕಥೆ ಹೇಳುತ್ತ ಎರಡು ಕಾದಂಬರಿ ಬರೆದರು. ಪತ್ರಿಕೆಗಳು ಹೊಗಳಿದವು, ಜನ ಕೊಳ್ಳಲಿಲ್ಲ. ಅಲ್ಲೇ ಹಾನೆಲೋರೆ ಎಂಬ ಜರ್ಮನ್ ನರ್ಸನ್ನು ಮದುವೆಯಾಗಿ 1962ರಲ್ಲಿ ಅವಳ ಊರಿಗೆ ಬಂದರು. ಇಲ್ಲಿ ಒಂದು ಅಚ್ಚುಕೂಟದಲ್ಲಿ ನೀರಿನ ಪಂಪುಗಳ ಇಂಗ್ಲಿಷ್ ಕೈಪಿಡಿಗಳ ಕರಡು ತಿದ್ದುವ ಕೆಲಸ. ಒಮ್ಮೆ ರೇಡಿಯೊದವರು ಅವರ ಒಂದು ಕಥೆಯನ್ನು ಜರ್ಮನ್‌ನಲ್ಲಿ ಓದಿಸಿದರು. ವೃತ್ತಿಜೀವನದ ಶಿಖರ ಅದೇ ಎಂದು ತಾವೇ ನಗುತ್ತಿದ್ದರು. ಸಂಜೆಗಳಲ್ಲಿ "ಕ್ರ್ಯಾಕ್" ಎನ್ನುತ್ತಿದ್ದವಳು ಹಾನೆಲೋರೆ. 1969ರಲ್ಲಿ ಅವಳು ಕ್ಯಾನ್ಸರಿನಿಂದ ತೀರಿಕೊಂಡಳು. ಮೂರು ವರ್ಷ ಅವರು ಒಂದು ಸಾಲೂ ಬರೆದಿರಲಿಲ್ಲ.

ಎರಡು ಕಾದಂಬರಿಗಳನ್ನೂ ಅವರಿಂದ ಎರವಲು ತಂದು ಓದಿದೆ. ಎರಡರಲ್ಲೂ ಒಬ್ಬ ಹುಡುಗ ಮುಳುಗುತ್ತಾನೆ. ಎರಡರಲ್ಲೂ ಅದು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಟೈಪಿಸ್ಟಿಗೆ ಯಾಕೆ ಬೇಕಿತ್ತು ಅಧಿಕಪ್ರಸಂಗ, ಆ ಹುಡುಗ ಯಾರು ಎಂದು ಕೇಳಿಯೇಬಿಟ್ಟೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ಅದು ನನ್ನ ಅಣ್ಣ ನ್ಯಾಥನ್. ಅವನಿಗೆ ಹದಿನೇಳು, ನನಗೆ ಹದಿನಾಲ್ಕು. ಆ ಒಂದು ಸಾಲನ್ನು ಹಾನೆಲೋರೆಗೂ ಪೂರ್ತಿ ಹೇಳಲಿಲ್ಲ. ಈ ಪುಸ್ತಕದಲ್ಲಿ ಹೇಳುತ್ತೇನೆ. ಹೇಳಿ ಮುಗಿಸಿದ ದಿನ ನನಗೆ ನಿದ್ದೆ ಬರುತ್ತದೆ."

ಈ ಪುಸ್ತಕ ಅವರಿಗೆ ಎಂಥದ್ದು ಎಂದು ನನಗೆ ಆವತ್ತೇ ಗೊತ್ತಾಗಿತ್ತು. ಗೊತ್ತಿರಲಿಲ್ಲ ಎಂಬ ನೆಪ ನನಗಿಲ್ಲ.

ನಾಲ್ಕು ಗಂಟೆಗೆ ರೀಲ್ ಟೇಪ್ ರೆಕಾರ್ಡರ್ ಹಚ್ಚುತ್ತಿದ್ದರು. ಅವರು ಹೇಳುವುದು, ನಾನು ಹೂಂಗುಟ್ಟುವುದು. ಮರುದಿನ ನಾನು ಮನೆಯಲ್ಲಿ ಟೇಪು ಹಾಕಿಕೊಂಡು ಟೈಪ್ ಮಾಡುವುದು. ಅವರ ಮಾತಿನ ನಡುವೆ ನನ್ನದೇ ಹೂಂ ಕೇಳಿ ನಾಚಿಕೆಯಾಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಮಾರ್ಚ್ ಹೊತ್ತಿಗೆ ನೂರ ಅರವತ್ತು ಪುಟ ದಾಟಿದ್ದೆವು. ಕಥೆಯಲ್ಲಿ ಅಣ್ಣತಮ್ಮಂದಿರು ಅಪ್ಪ ಕಟ್ಟಿದ ಹಡಗಿನಲ್ಲಿ ಹೊರಟಿದ್ದರು. ಗಾಳಿ ಎದ್ದಿತ್ತು.

ಆ ಗುರುವಾರ ಹಡಗು ಮಗುಚಿತು. ಅಲ್ಲಿಯವರೆಗೆ 'ಆ ಹುಡುಗ' ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ 'ನಾನು' ಎನ್ನತೊಡಗಿದರು. "ಸಿಕ್ಕಿದ್ದು ಒಂದೇ ಹಲಗೆ." ಹೂಂ. "ಅಣ್ಣನ ಕೈ ನನ್ನ ಅಂಗಿಯ ಕೊರಳಪಟ್ಟಿಯನ್ನು ಹಿಡಿದಿತ್ತು." ಹೂಂ. "ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅವನು ಕೆಳಗೆ ಹೋದ."

ನಾನು ಅವರ ಕೈಗಳನ್ನು ನೋಡಿದೆ. ಅರ್ಧ ಗಂಟೆಯ ಹಿಂದೆ ನನಗೆ ಕೇಕು ಕೊಟ್ಟಿದ್ದ ಕೈಗಳು.

"ಕ್ರಿಕ್?" ಎಂದರು.

ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಹೇಳದಿದ್ದರೆ ಏನಾಗುತ್ತದೆಂದೂ ಗೊತ್ತಿತ್ತು. ತುಟಿ ಬಿಗಿದುಕೊಂಡೇ ಕುಳಿತೆ. ಎರಡನೆಯ ಸಲ ಕರೆದರು. ಮೂರನೆಯ ಸಲ ಅವರ ದನಿ ಮಕ್ಕಳ ದನಿಯಂತಿತ್ತು. "ನಾನು ಮನೆಗೆ ಹೋಗಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿ, ಕೋಟು ಹಾಕಿಕೊಂಡು ಹೊರಟುಬಿಟ್ಟೆ. ಟೇಪು ಇನ್ನೂ ತಿರುಗುತ್ತಿತ್ತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ.

"ಹದಿನಾಲ್ಕು ವರ್ಷದ ಹುಡ್ಗ ಕಣೇ. ಸಮುದ್ರದ ಮಧ್ಯೆ. ಜಡ್ಜ್ ಮಾಡೋಕೆ ನಾವ್ಯಾರು?" ಎಂದರು ತಿರುಮಲೇಶ.

"ಒಡಹುಟ್ಟಿದವನ ಕೈ ಬಿಡಿಸ್ದೋನ ಹತ್ರ ಕೂತು ಕಾಫಿ ಕುಡಿಯೋಕಾಗಲ್ಲ ನಂಗೆ!" ಎಂದು ರೇಗಿದೆ. ಆಗ ನನಗೆ ಮೂವತ್ತೈದು. ಸರಿ ತಪ್ಪುಗಳೆಲ್ಲ ಅಂಗೈ ಮೇಲಿವೆ ಎಂಬ ಗರ್ವದ ವಯಸ್ಸು. ಮುಂದಿನ ಗುರುವಾರ ನೆಗಡಿ ಎಂದು ಫೋನಿನಲ್ಲಿ ಹೇಳಿದೆ, ಅದರ ಮುಂದಿನ ಗುರುವಾರ ಫೋನೂ ಮಾಡಲಿಲ್ಲ. ಅವರೂ ಕರೆಯಲಿಲ್ಲ.

ಮತ್ತೆ ನೋಡಿದ್ದು ಒಂದೂವರೆ ವರ್ಷದ ಮೇಲೆ, ಸ್ಟ್ರಾಸೆನ್‌ಬಾನ್ ಎಂಬ ಇಲ್ಲಿನ ಟ್ರಾಮಿನಲ್ಲಿ. ನನ್ನ ಎದುರಿನ ಸೀಟಿನಲ್ಲಿದ್ದರು, ಗುರುತು ಸಿಗದಷ್ಟು ಸೊರಗಿದ್ದರು. ಏನಾದರೂ ಮಾತಾಡಬೇಕಲ್ಲ ಎಂದು ಪುಸ್ತಕ ಏನಾಯಿತು ಎಂದು ಕೇಳಿದೆ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು.

"ಆ ದಿನ ನಾನೊಂದು ತಪ್ಪು ಮಾಡಿದೆ," ಎಂದರು, ಹವಾಮಾನದ ಸುದ್ದಿ ಹೇಳುವಷ್ಟು ಶಾಂತವಾಗಿ. "ನೀವು ಹೋದ ಮೇಲೆ ಖಾಲಿ ಕೋಣೆಗೆ ಕಥೆ ಹೇಳಿದೆ. ಈಗ ಅವನು ಬಂದು ಕೂತಿದ್ದಾನೆ. ಎದ್ದು ಹೋಗುತ್ತಿಲ್ಲ."

ಒಂದು ಸ್ಟಾಪ್ ಮೊದಲೇ ಇಳಿದುಬಿಟ್ಟೆ. ಅದಕ್ಕೆ ಹೇಡಿತನ ಎನ್ನದೆ ಬೇರೆ ಹೆಸರು ನನಗೆ ಗೊತ್ತಿಲ್ಲ.

1975ರ ಫೆಬ್ರವರಿಯಲ್ಲಿ ಫ್ರೌ ಕ್ರೋಗರ್ ಫೋನ್ ಮಾಡಿದರು. ಲಮೋತ್ ಮೆಟ್ಟಿಲ ಮೇಲೆ ಕುಳಿತಲ್ಲೇ ಹೋಗಿಬಿಟ್ಟಿದ್ದರು, ಕೋಟು ಹಾಕಿಕೊಂಡೇ. ಎರಡು ವರ್ಷದಿಂದಲೂ ಸಂಜೆಯಾದರೆ ಕೋಣೆ ಬಿಟ್ಟು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರಂತೆ. ಚಳಿ, ಒಳಗೆ ಹೋಗಿ ಎಂದರೆ "ಒಳಗೆ ಜನ ಇದ್ದಾರೆ" ಎನ್ನುತ್ತಿದ್ದರಂತೆ. "ಒಳಗೆ ಯಾರೂ ಇರ್ತಿರ್ಲಿಲ್ಲ, ಫ್ರೌ ನಿರುಪಮಾ. ನಾನೇ ಹೋಗಿ ನೋಡಿದ್ದೆ," ಎಂದು ಆ ಗಟ್ಟಿ ಹೆಂಗಸು ಅತ್ತರು. ನಾನು ಅಲ್ಲಿಗೆ ಹೋದಾಗ ನನ್ನ ಹೆಸರು ಬರೆದಿದ್ದ ಒಂದು ಪೆಟ್ಟಿಗೆಯನ್ನು ಕೊಟ್ಟರು. ಅದರಲ್ಲಿ ಒಂದೇ ಒಂದು ಟೇಪು. ಅದನ್ನು ಕೇಳುವ ಧೈರ್ಯವಿಲ್ಲದೆ ಮೊದಲು ನನ್ನಲ್ಲಿದ್ದ ಹಾಳೆಗಳನ್ನು ಲಂಡನ್ನಿನ ಪ್ರಕಾಶಕರಿಗೆ ಕಳಿಸಿದೆ. ಅರ್ಧ ಕಾದಂಬರಿಯನ್ನು ಅಚ್ಚು ಮಾಡಲಾಗುವುದಿಲ್ಲ ಎಂದು ಎರಡು ಸಾಲಿನ ಸೌಜನ್ಯದ ಪತ್ರ ಬಂತು.

ಏಪ್ರಿಲಿನ ಒಂದು ಭಾನುವಾರ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೇಪು ಹಾಕಿದೆ. ಹಲಗೆ, ಹೂಂ. ಕೊರಳಪಟ್ಟಿ, ಹೂಂ. ಬೆರಳುಗಳು. ಮೂರು ಸಲ ಕರೆದ ದನಿ. ಕುರ್ಚಿ ಸರಿದ ಸದ್ದು, ಬಾಗಿಲು. ಆಮೇಲೆ ಟೇಪು ಬರೀ ಸುಯ್ಯೆನ್ನುತ್ತಿತ್ತು. ಮುಗಿಯಿತು ಎಂದು ನಿಲ್ಲಿಸಲು ಕೈ ಚಾಚಿದಾಗ ಆಲ್ಬನ್ ಮತ್ತೆ ಮಾತಾಡಿದರು.

"ಅವನು ಸತ್ತು ಎಷ್ಟು ಹೊತ್ತಾಗಿತ್ತೋ ನನಗೆ ತಿಳಿಯದು. ರಾತ್ರಿಯೆಲ್ಲ ಅವನ ತಲೆಯನ್ನು ನೀರಿನಿಂದ ಮೇಲಕ್ಕೆ ಹಿಡಿದುಕೊಂಡೇ ಇದ್ದೆ." ಮೌನ. "ಬೆಳಕಾದ ಮೇಲೆ ಮುಖ ನೋಡಿದೆ. ಸತ್ತಿದ್ದರೂ ಕೈ ನನ್ನ ಅಂಗಿ ಬಿಟ್ಟಿರಲಿಲ್ಲ." ಮೌನ. "ಅಮ್ಮನಿಗೆ ಹೆಣವನ್ನಾದರೂ ತಂದುಕೊಡಬೇಕಿತ್ತು. ನನಗೆ ಶಕ್ತಿ ಇರಲಿಲ್ಲ." ಈ ಸಲದ ಮೌನ ಇನ್ನೂ ಉದ್ದ. ಅದು ಮುಗಿಯಲೇ ಇಲ್ಲ.

ತಿರುಮಲೇಶ ಕನ್ನಡಕ ತೆಗೆದು ಒರೆಸಿಕೊಂಡರು. "ಯಾಕೆ ಮಧ್ಯೆ ಮಧ್ಯೆ ಅಷ್ಟೊಂದು ಗ್ಯಾಪ್ ಬರ್ತಿದೆ? ಟೇಪ್ ಕೆಟ್ಟಿದ್ಯಾ?"

"ಇಲ್ಲ ರೀ. ಕಾಯ್ತಿದಾರೆ."

"ಯಾರಿಗೆ?"

"ನಂಗೆ," ಎಂದೆ. "ನಾನಾಗ್ಲೇ ಮೆಟ್ಟಿಲಿಳೀತಿದ್ದೆ."