ಬೂಟು ಬಿಚ್ಚದ ಮುಖ್ಯ ಅತಿಥಿ

ಬೂಟ್ ಪಾಲಿಶಿನ ಡಬ್ಬಿ ತೆಗೆದಾಗ ಏಳುವ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ, ನನಗಂತೂ ಅದು ಒಬ್ಬ ಮನುಷ್ಯನ ವಾಸನೆ. ಇವತ್ತು ಬೆಳಿಗ್ಗೆ ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಫ್ಲ್ಯಾಟಿನ ಹೊಸ್ತಿಲಾಚೆ ಕೂತು, ಖುರುಮ್‌ನ ಆಫೀಸಿಗೆ ಹಾಕಿಕೊಂಡು ಹೋಗುವ ಬೂಟಿಗೆ ಬ್ರಶ್ ಆಡಿಸುತ್ತಿದ್ದೆ. ಆಗ ಲೋಬೊ ಅಂಕಲ್ ವಾಟ್ಸಾಪಿನಲ್ಲಿ ಒಂದು ಹಳೆಯ ಫೋಟೋ ಕಳಿಸಿದರು. ಅಂಕಲ್ ಒಂದು ಕಾಲಕ್ಕೆ ನಮ್ಮ ಕನ್ನಡ ಬಳಗದ ಅಧ್ಯಕ್ಷರು, ಈಗ ಅದರ ಸ್ಮರಣ ಸಂಚಿಕೆಯ ಸಂಪಾದಕರು. ಅಂದರೆ ಕುರ್ಚಿ ಹೋಗಿದೆ, ಫೋಟೋ ಹೋಗಿಲ್ಲ. ಹಿಂದೆಯೇ ಅವರ ಧ್ವನಿ ಬಂತು: "ಇದರಲ್ಲಿ ಯಾರೆಲ್ಲ ನಮ್ಮವರು, ಯಾರೆಲ್ಲ ಬಡವರು ಅಂತ ನನಗೀಗ ಗೊತ್ತೇ ಆಗುವುದಿಲ್ಲ ಮಾರಾಯ್ತಿ. ನೀನೂ ಇದ್ದಿ ಅಲ್ವಾ, ಕೆಳಗೆ ಎಂತ ಬರೆಯುವುದು ಹೇಳು."

ಅಂಕಲ್ಲರ ಕಷ್ಟ ನ್ಯಾಯವಾದದ್ದೇ. ಫೋಟೋದಲ್ಲಿ ಗುಡ್ಡದ ಮೇಲಿನ ಒಂದು ಹಳ್ಳಿ, ಕಲ್ಲಿನ ಮನೆಗಳು, ನಾಕಾರು ಮಕ್ಕಳು, ಬಿಳಿ ದಿಶ್ದಾಶಾ ನಿಲುವಂಗಿ ತೊಟ್ಟ ಒಬ್ಬ ಅಜ್ಜ, ಮತ್ತೆ ಇಸ್ತ್ರಿ ಬಟ್ಟೆಯ ನಾವು. ಎಲ್ಲರೂ ಚೂಪು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಮುಖ ಹಿಂಡಿಕೊಂಡಿದ್ದೇವೆ. ಒಬ್ಬನ ಕಾಲಲ್ಲಿ ಮಾತ್ರ ಬೂಟು. ಮಿರಮಿರ ಮಿಂಚುವ ಕಂದು ಬೂಟು. ಅವನು ಬಿಳಿಯ, ಅಮೆರಿಕದವನು.

ಅವನನ್ನು ಡ್ವೇನ್ ಅಂತ ಕರೆಯೋಣ. ಅದು ಅವನ ಹೆಸರಲ್ಲ. ಯಾಕೆ ಮುಚ್ಚಿಟ್ಟೆ ಅನ್ನುವುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ.

ನಾನು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಅವನು ನಮ್ಮ ಎದುರಿನ ಫ್ಲ್ಯಾಟಿಗೆ ಬಂದ. ಪೈಪ್‌ಲೈನಿನ ಬೆಸುಗೆ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದು ಅವನ ಕೆಲಸ. ಬಂದ ದಿನದಿಂದಲೇ ಕಟ್ಟಡದ ನೆಮ್ಮದಿ ಕೆಟ್ಟಿತು. ಬಿಳಿಯರು ಸಮುದ್ರದ ಪಕ್ಕ ವಿಲ್ಲಾದಲ್ಲಿರಬೇಕು, ಇದು ಮಸ್ಕತ್ತಿನಲ್ಲಿ ಯಾರೂ ಬರೆದಿಡದ ಕಾನೂನು. ಅವರು ಊರು ಬಿಡುವಾಗ ಮಾರಿದ ಸೋಫಾವನ್ನು ನಾವು ಕೊಂಡು ತಂದು, ಬಂದವರಿಗೆಲ್ಲ "ಇದು ಅಮೆರಿಕದವರ ಮನೆಯದು" ಅಂತ ಹೇಳಿ ಕೂರಿಸಬೇಕು, ಇದು ನಮ್ಮ ಕಾನೂನು. ಈ ಪುಣ್ಯಾತ್ಮ ನಮ್ಮಮ್ಮ ಎಸೆಯಲೆಂದು ಲಿಫ್ಟಿನ ಪಕ್ಕ ಇಟ್ಟಿದ್ದ ಸೋಫಾವನ್ನು ಕೇಳಿ ತಗೊಂಡ. ಅಮ್ಮನ ಜಗತ್ತಿನಲ್ಲಿ ಗಂಗೆ ಹಿಮಾಲಯಕ್ಕೆ ವಾಪಸು ಹೊರಟ ಹಾಗಾಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಪ್ಯಾಂಟು ಹರಿದರೆ ತಾನೇ ಹೊಲಿದುಕೊಳ್ಳುತ್ತಿದ್ದ. ಹುರುಳಿಕಾಯಿಯನ್ನು ಸೂಜಿದಾರದಲ್ಲಿ ಮಾಲೆಯ ಹಾಗೆ ಪೋಣಿಸಿ ಬಾಲ್ಕನಿಯಲ್ಲಿ ಒಣಗಿಸುತ್ತಿದ್ದ, ಅಮ್ಮ ಬಾಳಕದ ಮೆಣಸಿನಕಾಯಿ ಒಣಗಿಸಿದ ಹಾಗೆ. ಅವನ ಮಟ್ಟಿಗೆ ಇದರಲ್ಲಿ ರಹಸ್ಯವೇನೂ ಇರಲಿಲ್ಲ. ಯಾರಾದರೂ ಕೇಳಿದರೆ, "ನಾವು ಗುಡ್ಡದವರು, ಬಡವರಿದ್ದೆವು, ರೂಢಿ ಬಿದ್ದಿದೆ" ಅನ್ನುತ್ತಿದ್ದ. ಒಬ್ಬರೂ ನಂಬಲಿಲ್ಲ.

"ಮಿನಿಮಲಿಸಂ ಮಾರಾಯ್ರೆ, ಅಲ್ಲಿ ಈಗ ಅದೇ ಫ್ಯಾಶನ್" ಅಂದರು ಲೋಬೊ ಅಂಕಲ್.

"ಜೀನ ಇದ್ದಾನ, ಮತ್ತೇನಿಲ್ಲ" ಅಂದಳು ಅಮ್ಮ.

ಗದಗಿನ ನಮ್ಮಪ್ಪ ಸ್ವಲ್ಪ ಉದಾರಿ. "ಬಡವ ಇರ್ಬಹುದು. ಅಮೆರಿಕದಾಗ ಬಡವ ಅಂದ್ರ ಎರಡನೇ ಕಾರು ಇಲ್ಲದಾಂವ" ಅಂದರು.

ನನ್ನ ನಿಲುವು ಎಲ್ಲರದಕ್ಕಿಂತ ಗಟ್ಟಿಯಾಗಿತ್ತು, ಯಾಕೆಂದರೆ ನಾನು ಶಾಲೆಯ ಡಿಬೇಟ್ ತಂಡದಲ್ಲಿದ್ದೆ. ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದ ನಮಗೆ ಗೊತ್ತಿರಬೇಕು ಅಂತ ನಮಗೆ ಕಲಿಸಿದ್ದರು. ಇದರ ದೊಡ್ಡ ಅನುಕೂಲವೆಂದರೆ ಎದುರಾಳಿ ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಬಿಳಿ ಚರ್ಮವೇ ಒಂದು ಆಸ್ತಿ, ಆಸ್ತಿ ಇದ್ದವನು ಬಡವನಲ್ಲ, ಆದ್ದರಿಂದ ಡ್ವೇನ್ ಬಡವನಾಗಿರಲಿಲ್ಲ. ಮೂರೇ ವಾಕ್ಯದಲ್ಲಿ ನಾನು ಅವನ ಬಾಲ್ಯವನ್ನು ತಳ್ಳಿಹಾಕಿದ್ದೆ. ತರ್ಕದಲ್ಲಿ ದೋಷವಿರಲಿಲ್ಲ. ದೋಷ ಇದ್ದದ್ದು ಡ್ವೇನನಲ್ಲಿ, ಅವನು ಅದಕ್ಕೆ ಹೊಂದಿಕೊಳ್ಳುತ್ತಿರಲಿಲ್ಲ.

ಅವನ ಮೇಲೆ ಅಮ್ಮನಿಗಿದ್ದ ನಿಜವಾದ ದೂರು ಬೇರೆ. ಅವನು ನಮ್ಮ ಮನೆಯೊಳಗೆ ಬರುತ್ತಿರಲಿಲ್ಲ. ಬರಬೇಕಾದರೆ ಬೂಟು ಬಿಚ್ಚಬೇಕು, ಬೂಟು ಅವನು ಬಿಚ್ಚುವವನಲ್ಲ. ಅಮ್ಮ ಕೊಟ್ಟ ಚಹಾವನ್ನು ಹೊಸ್ತಿಲಾಚೆ ನಿಂತೇ ಕುಡಿಯುವನು, ಜೋಳದ ರೊಟ್ಟಿ ಬದನೆಕಾಯಿ ಎಣ್ಣೆಗಾಯಿಯನ್ನು ನಿಂತೇ ತಿಂದು, ತಾಟನ್ನು ತನ್ನ ಮನೆಯಲ್ಲಿ ತೊಳೆದು ತಂದುಕೊಡುವನು. ಪ್ರತಿ ಸಲವೂ ಅಮ್ಮ ಒಳಗೆ ಕರೆಯುವಳು, ಅವನು ಬೂಟು ನೋಡಿಕೊಂಡು "ಇಲ್ಲೇ ಚೆನ್ನಾಗಿದೆ ಮ್ಯಾಮ್" ಅನ್ನುವನು.

"ಇಷ್ಟು ದೊಡ್ಡ ಮನಷ್ಯಾ, ಕಾಲಾಗಿಂದು ತಗೀಲಿಕ್ಕೆ ಏನ ಧಾಡಿ ಇವಗ?"

"ಸಾಂಸ್ಕೃತಿಕ ಅಹಂಕಾರ ಅಮ್ಮಾ" ಅಂದೆ ನಾನು.

"ಸಾಕ್ಸ್ ಹರದಿರಬೇಕು" ಅಂದರು ಅಪ್ಪ.

ಆ ಚಳಿಗಾಲದಲ್ಲಿ ಲೋಬೊ ಅಂಕಲ್ಲಿಗೆ ಸೇವೆ ಮಾಡುವ ಮನಸ್ಸಾಯಿತು. ಗುಡ್ಡದ ಮೇಲಿನ ಹಳ್ಳಿಯೊಂದಕ್ಕೆ ಹೋಗಿ ಕಂಬಳಿ ಕೊಟ್ಟು ಬರುವುದು. "ದಾನ ಅಂತ ಎಲ್ಲಿಯೂ ಹೇಳುವುದು ಬೇಡ, ಅದಕ್ಕೆ ಪರ್ಮಿಶನ್ ಎಲ್ಲ ಬೇಕಾಗ್ತದೆ. ಸ್ನೇಹ ಭೇಟಿ ಅಂತ ಹೇಳುವ" ಅಂದರು. ಮುಖ್ಯ ಅತಿಥಿ ಡ್ವೇನ್. ಅವನು ಯಾವ ಲೆಕ್ಕದಲ್ಲಿ ಮುಖ್ಯ ಅಂತ ನಾನು ಕೇಳಿದ್ದಕ್ಕೆ ಅಂಕಲ್ ನನ್ನನ್ನು ಕರುಣೆಯಿಂದ ನೋಡಿದರು. "ಫೋಟೋದಲ್ಲಿ ಒಬ್ಬ ಬಿಳಿಯ ಇದ್ದರೆ ಅದು ಇಂಟರ್‌ನ್ಯಾಷನಲ್ ಆಗ್ತದೆ ಮಗಾ." ಅಕ್ಕಪಕ್ಕದವರು ಕರೆದರೆ ಇಲ್ಲ ಅನ್ನಬಾರದೆಂದು ಅವನು ಬಂದ.

ಗುಡ್ಡ ಹತ್ತಿ ಕಾರಿನಿಂದ ಇಳಿದಾಗ ಮೊದಲು ಕಂಡದ್ದು ಕಲ್ಲಿನ ಮನೆ. ಮಣ್ಣು ಮೆತ್ತಿದ ಗೋಡೆ, ಖರ್ಜೂರದ ಮರದ ತೊಲೆ. "ಪಾಪ" ಅಂದರು ಅಂಕಲ್. ಎರಡನೆಯದು ಆ ಮನೆಯ ಹಿಂದೆ ನಿಂತಿದ್ದ ಭಾರಿ ಜೀಪು, ನಮ್ಮ ಕಟ್ಟಡದಲ್ಲಿ ಯಾರಿಗೂ ಇಲ್ಲದಂಥದ್ದು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಮನೆಯ ಅಜ್ಜ ಹಿಂದಿಯಲ್ಲಿ ಮಾತಾಡಿಸಿದ, ನೆಲದ ಮೇಲೆ ಚಾಪೆ ಹಾಸಿದ, ಖಾವಾ ಕಾಫಿ ಬಗ್ಗಿಸಿದ, ಖರ್ಜೂರ ತಂದಿಟ್ಟ, ಮಧ್ಯಾಹ್ನದ ಊಟಕ್ಕೆ ಮೇಕೆ ಕೊಯ್ಯಲು ಹೇಳಿಯೇಬಿಟ್ಟ. ನಾವು ಕಂಬಳಿ ಕೊಟ್ಟಾಗ ತಿರುಗಿಸಿ ಮುರುಗಿಸಿ ನೋಡಿ, "ಬಹುತ್ ಅಚ್ಛಾ, ಚಳಿಯಲ್ಲಿ ಮರಿಗಳಿಗೆ ಆಗುತ್ತೆ" ಅಂದ. ಮರಿ ಅಂದರೆ ಮೇಕೆಮರಿ.

ಆಮೇಲೆ ಫೋಟೋ. ಅಂಕಲ್ ಮೊದಲು ಜೀಪು ಕಾಣದ ಕಡೆ ಎಲ್ಲರನ್ನೂ ಸರಿಸಿದರು. ನಂತರ ಡಿಶ್ ಆಂಟೆನಾ ಕಾಣದ ಕಡೆ. ಉಳಿದದ್ದು ಒಂದು ಬಿದ್ದ ಗೋಡೆ. ಅದರ ಮುಂದೆ ಎಲ್ಲರೂ ನಿಂತೆವು. ಆಗ ಮಕ್ಕಳ ಕಾಲು ಅವರ ಕಣ್ಣಿಗೆ ಬಿತ್ತು. ಹೊಳೆಯುವ ಹೊಸ ಸ್ಪೋರ್ಟ್ಸ್ ಶೂ. "ಮಕ್ಕಳು ಅದೊಂದು ತೆಗೆದರೆ ಒಳ್ಳೆದಿತ್ತು" ಅಂತ ಅಜ್ಜನಿಗೆ ಹಿಂದಿಯಲ್ಲಿ ಹೇಳಿದರು.

ಅಜ್ಜ ಒಂದು ಗಳಿಗೆ ಯೋಚಿಸಿದ. ಹಿಂದೂಸ್ತಾನದ ಅತಿಥಿಗಳು ಏನೋ ತಮ್ಮ ಪದ್ಧತಿ ಹೇಳುತ್ತಿದ್ದಾರೆ ಅಂದುಕೊಂಡು, ಮಕ್ಕಳಿಗೆ ಶೂ ಬಿಚ್ಚಲು ಹೇಳಿ, ಗೌರವದಿಂದ ತನ್ನ ಚಪ್ಪಲಿಯನ್ನೂ ಬಿಟ್ಟ. ಎಪ್ಪತ್ತು ದಾಟಿದ ಹಿರಿಯ ಬರಿಗಾಲಲ್ಲಿ ನಿಂತಮೇಲೆ ನಾವು ಬೂಟಿನಲ್ಲಿ ನಿಲ್ಲುವುದು ಹೇಗೆ? ಅಮ್ಮ ಬಿಚ್ಚಿದಳು, ಅಪ್ಪ ಬಿಚ್ಚಿದರು, ನಾನು ಬಿಚ್ಚಿದೆ, ಕೊನೆಗೆ ಅಂಕಲ್ ಕೂಡ ಮುಲುಗುತ್ತ ಬಿಚ್ಚಿದರು. ಯಾರಿಗಾಗಿ ಯಾಕಾಗಿ ಬಿಚ್ಚಿದೆವು ಅನ್ನುವುದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

ಡ್ವೇನ್ ಬಿಚ್ಚಲಿಲ್ಲ.

"ಸರ್, ಎಲ್ಲರೂ ತೆಗೆದಿದ್ದಾರೆ. ನೀವೊಬ್ಬರು ಹಾಕಿಕೊಂಡರೆ ಅಜ್ಜನಿಗೆ ಅವಮಾನ ಅಲ್ವಾ" ಅಂದರು ಅಂಕಲ್ ಇಂಗ್ಲಿಷಿನಲ್ಲಿ. ಅವನು ತಲೆ ಅಲ್ಲಾಡಿಸಿದ. ಅಂಕಲ್ ಬಿಡುವವರಲ್ಲ. "ಐದು ನಿಮಿಷ ಸರ್, ಒಂದೇ ಕ್ಲಿಕ್." ಅವನ ಕಿವಿ ಕೆಂಪಾಯಿತು. ಆಮೇಲೆ ಗೋಡೆಯ ಮೇಲೆ ಕೈಯೂರಿ ತಗ್ಗಿದ ದನಿಯಲ್ಲಿ ಹೇಳಿದ. ಅಂಕಲ್, ಅಮ್ಮ, ನಾನು, ಮೂವರಿಗೆ ಕೇಳುವಷ್ಟು.

ಅವನ ಗುಡ್ಡಕ್ಕೂ ಪ್ರತಿ ಡಿಸೆಂಬರಿನಲ್ಲಿ ವ್ಯಾನುಗಳು ಹತ್ತಿ ಬರುತ್ತಿದ್ದವಂತೆ. ಕಲ್ಲಿದ್ದಲ ಗಣಿ ಮುಚ್ಚಿದ ಊರು. ಬಂದವರು ಫ್ರಿಜ್ಜಿಗೆ ಬೆನ್ನು ಮಾಡಿ, ಮುರಿದ ಜಗಲಿಗೆ ಮುಖ ಮಾಡಿ ಕ್ಯಾಮೆರಾ ಹಿಡಿಯುತ್ತಿದ್ದರು. ಕಾಲಲ್ಲಿ ಬೂಟಿದ್ದ ಮಕ್ಕಳಿಗೆ ಹಲ್ಲುಜ್ಜುವ ಬ್ರಶ್ಶು, ಬರಿಗಾಲ ಮಕ್ಕಳಿಗೆ ಬೂಟು. ಇದು ಅರ್ಥವಾದಮೇಲೆ ವ್ಯಾನಿನ ಸದ್ದು ಕೇಳಿದೊಡನೆ ಅವನಜ್ಜಿ ಮೊಮ್ಮಕ್ಕಳ ಬೂಟು ಬಿಚ್ಚಿಸಿ, ಆರಿದ ಓವನ್ನಿನೊಳಗೆ ಬಚ್ಚಿಟ್ಟು, ಹಿಮ ಕರಗಿದ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದಳು. ಹಾಗೆ ಅವನು ನಿಂತ ಒಂದು ಫೋಟೋ ಪತ್ರಿಕೆಗೆ ಹೋಯಿತು. ಪತ್ರಿಕೆಯಿಂದ ಶಾಲೆಯ ಪುಸ್ತಕಕ್ಕೆ ಬಂತು, ಬಡತನ ಅನ್ನುವ ಪಾಠಕ್ಕೆ.

"ಟೀಚರ್ ಆ ಪುಟ ತೆಗೆದಾಗ ನಾನು ಅದೇ ಕ್ಲಾಸಿನಲ್ಲಿದ್ದೆ. ಒಳ್ಳೇ ಬೂಟು ಹಾಕಿದ್ದೆ" ಅಂದ ಡ್ವೇನ್. "ಆದರೂ ಎಲ್ಲರೂ ತಿರುಗಿ ನನ್ನ ಕಾಲನ್ನೇ ನೋಡಿದರು. ಆವತ್ತಿನಿಂದ ಯಾರ ಮುಂದೆಯೂ ಬಿಚ್ಚಿಲ್ಲ."

ಡಿಬೇಟಿನ ನನ್ನ ಮೂರು ವಾಕ್ಯಗಳು ಬರಿಗಾಲಲ್ಲಿ ನಿಂತಿದ್ದವು.

ಲೋಬೊ ಅಂಕಲ್ಲರ ಕಣ್ಣು ತುಂಬಿತು. ಅವರು ಕೆಟ್ಟವರಲ್ಲ, ಅದೇ ತಾಪತ್ರಯ. "ಎಂಥ ಸ್ಟೋರಿ ಸರ್" ಅಂದರು. "ರಾಜ್ಯೋತ್ಸವಕ್ಕೆ ಸ್ಟೇಜಿನಲ್ಲಿ ನೀವು ಇದನ್ನೇ ಹೇಳಬೇಕು. ಆ ಹಳೆ ಫೋಟೋ ಉಂಟಾ, ಹಿಂದೆ ಸ್ಕ್ರೀನಿಗೆ ಹಾಕುವ."

ಡ್ವೇನ್ ಅವರನ್ನೇ ನೋಡಿದ, ಆಮೇಲೆ ನಕ್ಕುಬಿಟ್ಟ. ಫೋಟೋ ಬೂಟಿನ ಸಮೇತವೇ ಆಯಿತು. ಅಜ್ಜ ನಮ್ಮ ಕಾರುಗಳಲ್ಲಿ ದಾಳಿಂಬೆಯ ಪೆಟ್ಟಿಗೆಗಳನ್ನು ತುಂಬಿಸಿ ಕಳಿಸಿದ. ತೂಕ ಹಾಕಿದ್ದರೆ ಸೇವೆ ಯಾರು ಯಾರಿಗೆ ಮಾಡಿದರು ಅಂತ ತಿಳಿಯುತ್ತಿತ್ತು.

ಮುಂದಿನ ಶುಕ್ರವಾರ ಅಮ್ಮ ಹೋಳಿಗೆ ಮಾಡಿದಳು. ಡ್ವೇನ್ ಎಂದಿನಂತೆ ಹೊಸ್ತಿಲಾಚೆ ನಿಂತ. ಈಗ ಅಮ್ಮ "ಬೂಟಿನ್ಯಾಗೇ ಒಳಗ ಬರ್ರಿ" ಅನ್ನುತ್ತಾಳೆ ಅಂತ ನಾನು ಕಾದೆ. ನೀವೂ ಕಾದಿರಬಹುದು. ಅಮ್ಮ ಅಂಥವಳಲ್ಲ. ಒಳಗಿನಿಂದ ಮಡಚುವ ಕುರ್ಚಿ ತಂದು ಕಾರಿಡಾರಿನಲ್ಲಿ ಹಾಕಿದಳು. ಇನ್ನೊಂದು ತಂದಳು. ಟೀಪಾಯಿ ತಂದಳು. ಆಮೇಲೆ ತನ್ನ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಅವನೆದುರು ಕೂತಳು.

"ಏನಮ್ಮಾ ಇದು, ಲಿಫ್ಟಿನ ಮುಂದೆ?" ಅಂದೆ.

"ಸುಮ್ನಿರ ಸಾಕು. ಒಳಗ ನನ್ನ ಕಾಯ್ದೆ, ಹೊರಗ ಅವರದು. ನಿನ್ನ ಡಿಬೇಟಿನ್ಯಾಗ ಹೊರಗ ಬಂದು ಕುಂಡ್ರೂದು ಕಲಿಸಿಲ್ಲೇನು? ತುಪ್ಪ ತಗೊಂಡು ಬಾ."

ಲಿಫ್ಟಿನಿಂದ ಇಳಿದವರೆಲ್ಲ ನಮ್ಮನ್ನು ದಾಟಿಕೊಂಡು ಹೋದರು. ಕೆಲವರು ಫ್ಲ್ಯಾಟಿನ ಬೀಗ ಕಳೆದಿದೆಯಾ ಅಂತ ಕೇಳಿದರು. ಡ್ವೇನ್ ಮೊದಲ ಸಲ ಕೂತು ತಿಂದ. ಎರಡು ವರ್ಷ ಪ್ರತಿ ಶುಕ್ರವಾರ ಆ ಕಾರಿಡಾರ್ ನಮ್ಮ ಊಟದ ಮನೆಯಾಯಿತು. ಆಮೇಲೆ ಅವನಿಗೆ ಬುರೈಮಿ ಕಡೆ ಕೆಲಸ ಬಿತ್ತು, ಅದು ಖಲಾಸ್ ಆದಮೇಲೆ ತನ್ನ ಗುಡ್ಡಕ್ಕೆ ಹೋದ. ಸೋಫಾವನ್ನು ಅಮ್ಮನಿಗೇ ವಾಪಸು ಕೊಟ್ಟ. ಈಗ ಅದು ನಮ್ಮ ಹಾಲಿನಲ್ಲಿದೆ. ಬಂದವರಿಗೆ ಅಮ್ಮ ಹೇಳುತ್ತಾಳೆ, "ಇದು ಅಮೆರಿಕದವರ ಮನಿಂದು."

ಇರಲಿ, ಅಂಕಲ್ ಉತ್ತರಕ್ಕೆ ಕಾಯುತ್ತಿದ್ದಾರೆ. ಫೋಟೋದಲ್ಲಿ ಬಡವರು ಯಾರು? ಹೇಳುವ ಮಾತು ಬೆರಳ ತುದಿಗೇ ಬಂದಿತ್ತು: "ಬೂಟು ಹಾಕಿದವನು." ಯಾವ ಸ್ಪರ್ಧೆಯಲ್ಲಾದರೂ ಟ್ರೋಫಿ ತಂದುಕೊಡುವ ಮಾತು. ಟೈಪು ಕೂಡ ಮಾಡಿದೆ. ಅದು ಅಚ್ಚಾದರೆ ಮತ್ತೆ ಒಂದು ಪುಟ ತೆರೆಯುತ್ತದೆ, ಮತ್ತೆ ಒಂದು ಕ್ಲಾಸು ಪೂರ್ತಿ ತಿರುಗಿ ಕಾಲು ನೋಡುತ್ತದೆ. ಅಳಿಸಿದೆ.

"ಎಲ್ಲರೂ ಅಜ್ಜನ ಮನೆಗೆ ಊಟಕ್ಕೆ ಹೋದವರು ಅಂತ ಬರೆಯಿರಿ ಅಂಕಲ್" ಅಂತ ಕಳಿಸಿದೆ. "ಮತ್ತೆ ಫೋಟೋವನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಿ."

"ಕಾಲು ಕಾಣದಿದ್ದರೆ ಅದು ಸೇವೆಯ ಫೋಟೋ ಅಂತ ಗೊತ್ತಾಗುವುದು ಹೇಗೆ ಮಾರಾಯ್ತಿ?"

ಫೋಟೋವನ್ನು ನಾನೇ ಕತ್ತರಿಸಿ ಅವರಿಗೆ ಕಳಿಸಿದೆ. ಕಾಲು ಹೋದಮೇಲೆ ಅದರಲ್ಲಿ ಉಳಿದದ್ದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಒಂದಷ್ಟು ಜನ, ಅವರಲ್ಲೊಬ್ಬ ಬಿಳಿಯ. ನಾನು ಕಾರಿಡಾರಿನಲ್ಲಿ ಈಗಲೂ ಇರುವ ಅಮ್ಮನ ಮಡಚುವ ಕುರ್ಚಿಯ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಂಡೆ.