ಭಿಶಿಗೆ ಇಂಗ್ಲಿಷಿನಲ್ಲಿ ಕಾಲಂ ಇಲ್ಲ

ಮೂವತ್ತೊಂದು ವರ್ಷ ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಆದರೂ ಆದಾಯ ತೆರಿಗೆಯವರದು ಯಾವ ಊರಿನ ಇಂಗ್ಲಿಷೋ ನನಗೆ ಇಂದಿಗೂ ತಿಳಿದಿಲ್ಲ. ಅಸೆಸ್ಸಿ ಅಂತೆ, ಗ್ರಾಸ್ ಟೋಟಲ್ ಅಂತೆ, ಹೋದ ವರ್ಷದ ಗಳಿಕೆಗೆ ಮುಂದಿನ ವರ್ಷದ ಹೆಸರಿಟ್ಟು ಅಸೆಸ್‌ಮೆಂಟ್ ಇಯರ್ ಅಂತೆ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಹೊಡೆದು ವಾಪಸ್ ಕೊಡುತ್ತಿದ್ದೆ. ನನ್ನ ಪೆನ್ಶನ್ನಿನ ರಿಟರ್ನ್ ಅನ್ನು ಯಜಮಾನರೇ ತುಂಬುತ್ತಾರೆ, ಇಲಾಖೆಯ ಮೆಸೇಜುಗಳೂ ಅವರ ಫೋನಿಗೇ ಬರುತ್ತವೆ. ಹೀಗಾಗಿ ಆ ಸಿಟ್ಟನ್ನು ಹೇಗೋ ನುಂಗಿಕೊಂಡಿದ್ದೆ. ಆಪಾಗೆ ನೋಟಿಸು ಬಂದಾಗ ಮಾತ್ರ ನುಂಗಲಾಗಲಿಲ್ಲ.

ಹಳೇ ಹುಬ್ಬಳ್ಳಿಯ ನಮ್ಮ ಓಣಿಗೆಲ್ಲ ಆಕೆ ಆಪಾ, ಅಂದರೆ ಅಕ್ಕ. ಮುಂದಿನ ಕೋಣೆಯಲ್ಲಿ ಎರಡು ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತಾರೆ, ಸೀರೆಯ ಅಂಚಿಗೆ ಪೀಕೋ ಹಾಕುತ್ತಾರೆ. ಜೊತೆಗೆ ನಮ್ಮ ಭಿಶಿ ನಡೆಸುತ್ತಾರೆ. ಮೂವತ್ತು ಹೆಂಗಸರು ತಿಂಗಳಿಗೆ ಮೂರು ಸಾವಿರ ಕೊಡುತ್ತೇವೆ. ಚೀಟಿ ಎತ್ತಿದಾಗ ಯಾರ ಹೆಸರು ಬರುತ್ತದೋ ಆ ತಿಂಗಳ ಅಷ್ಟೂ ದುಡ್ಡು ಅವಳಿಗೆ. ಆಪಾ ಅದರಲ್ಲಿ ಒಂದು ರೂಪಾಯಿ ಮುಟ್ಟಿದವರಲ್ಲ. ಮೊದಲು ದುಡ್ಡು ಅವರ ಕಪಾಟಿನಲ್ಲಿರುತ್ತಿತ್ತು. ಓಣಿಯಲ್ಲಿ ಒಂದು ಕಳವು ಆದ ಮೇಲೆ ಬ್ಯಾಂಕಿಗೆ ಕಟ್ಟಿ ಎಂದು ಶಾಣ್ಯಾತನ ಹೇಳಿದವಳು ನಾನೇ. ಆಪಾ ತಿಂಗಳು ತಿಂಗಳು ಕಟ್ಟಿದರು, ತೆಗೆದರು. ಕಟ್ಟಿದ ಮೊತ್ತ ವರ್ಷಕ್ಕೆ ಹತ್ತು ಲಕ್ಷ ದಾಟಿದ್ದೇ ಬ್ಯಾಂಕಿನವರು ಇಲಾಖೆಗೆ ತಿಳಿಸಿಬಿಟ್ಟರು.

ಫೋನು ಹಿಡಿದುಕೊಂಡು ಆಪಾ ನಮ್ಮ ಮನೆಗೆ ಬಂದರು. "ಟೀಚರ್, ಇದರಾಗ ನನಗ ಕಳ್ಳಿ ಅಂದಾರೇನ್ರಿ?"

"ಇಲ್ಲ ಆಪಾ. ಇಷ್ಟು ರೊಕ್ಕ ಬ್ಯಾಂಕಿಗೆ ಕಟ್ಟೀರಿ ಅಂತ ಮಾಹಿತಿ ಬಂದೈತಿ, ಅದು ಸರಿ ಐತೋ ಇಲ್ಲೋ ಹೇಳ್ರಿ ಅಂತ ಕೇಳ್ಯಾರ."

"ಕಟ್ಟಿದ್ದು ಖರೇ ಐತಲ್ರಿ. ಸರಿ ಅಂತ ಒತ್ರಿ. ಸುಳ್ಳ ಯಾಕ ಹೇಳೂಣು?"

ಒತ್ತಿದೆ. ಇಬ್ಬರು ವಯಸ್ಸಾದ ಹೆಂಗಸರು ಕೂತು ಸರಕಾರಕ್ಕೆ ನಿಜ ಹೇಳಿದೆವು. ಕೆಲವು ತಿಂಗಳಿಗೆ ಆ ದುಡ್ಡನ್ನೆಲ್ಲ ಆಪಾ ಅವರದೇ ಆದಾಯ ಎಂದು ಹಿಡಿದು, ಬಡ್ಡಿ ಸೇರಿಸಿ ತೆರಿಗೆ ಕಟ್ಟಿ ಎಂಬ ಕಾಗದ ಬಂತು. ಬ್ಲೌಸಿನ ಕೂಲಿಯಲ್ಲಿ ಮನೆ ನಡೆಸುವವರು ಕಾಗದದ ಮೇಲೆ ಸಾಹುಕಾರರಾಗಿದ್ದರು.

ಟ್ಯಾಕ್ಸ್ ಫಾರ್ಮು ತುಂಬಿಕೊಡುವವರೊಬ್ಬರ ಆಫೀಸಿಗೆ ಇಬ್ಬರೂ ಹೋದೆವು. ಅವರು ಕಾಗದ ನೋಡಿ ಕನ್ನಡಕ ಏರಿಸಿದರು. "ಇಂಗ್ಲಿಷ್ ಕಲಿಸಿದವರು ನೀವು, ಸರಿ ಅಂತ ಒತ್ತೋದೇನ್ರಿ ಮೇಡಮ್ಮರ? ಅಂದ್ರ ರೊಕ್ಕೆಲ್ಲಾ ಇವರ ಗಳಿಕಿ ಅಂತ ಒಪ್ಪಿದಂಗ." ನನ್ನ ಮೈಯೆಲ್ಲ ಉರಿಯಿತು. ಕಟ್ಟಿದ್ದಕ್ಕೆ ಕಟ್ಟಿದೆ ಅಂದರೆ ತಪ್ಪು ಎನ್ನುವ ಇಂಗ್ಲಿಷನ್ನು ನನಗೆ ಯಾರೂ ಕಲಿಸಿರಲಿಲ್ಲ.

"ಇನ್ನೂ ಒಂದು ದಾರಿ ಐತಿ," ಅಂದರು. "ಭಿಶಿಗೆ ಅವರ ಫಾರ್ಮಿನ್ಯಾಗ ಕಾಲಂ ಇಲ್ಲ. ಮೂವತ್ತೂ ಮಂದಿ ಹೆಸರು, ಪ್ಯಾನ್ ನಂಬರ್, ಸಹಿ ತರ್ರಿ. ರೊಕ್ಕ ನಮ್ದು, ಇವರದಲ್ಲ ಅಂತ ಎಲ್ಲಾರೂ ಬರದು ಕೊಡಬೇಕು. ಆಮ್ಯಾಲೆ ಅವರಿಗೂ ಇಲಾಖೆಯಿಂದ ಮೆಸೇಜ್ ಬರಬಹುದು."

"ಅದು ಆಗಂಗಿಲ್ರಿ," ಅಂದರು ಆಪಾ, ನನ್ನ ಮುಖವನ್ನೂ ನೋಡದೆ.

ಯಾಕೆಂದು ನನಗೂ ಗೊತ್ತಿತ್ತು. ನಮ್ಮಲ್ಲಿ ಮುಕ್ಕಾಲು ಮಂದಿ ಭಿಶಿಯ ಮಾತನ್ನು ಗಂಡಂದಿರಿಗೆ ಹೇಳಿಲ್ಲ. ಒಬ್ಬಳು ಕಿರಾಣಿ ದುಡ್ಡಿನಲ್ಲಿ ಉಳಿಸಿ ಮಗಳ ಕಾಲೇಜಿಗೆ ಕಟ್ಟಿದ್ದಳು, ಮತ್ತೊಬ್ಬಳು ತವರಿಗೆ ಕಳಿಸಿದ್ದಳು. "ನಂಬಿ ಕೊಟ್ಟಾರ ಟೀಚರ್," ಅಂದರು ಆಪಾ ದಾರಿಯಲ್ಲಿ. "ಪೀಕೋ ಮಷಿನ್ ಮಾರತೇನಿ, ಬಳಿ ಅಡವ ಇಡತೇನಿ. ನನ್ನಿಂದ ಯಾರ ಮನ್ಯಾಗೂ ಜಗಳ ಹತ್ತಬಾರದು."

ಪೀಕೋ ಮಷಿನ್ ಹೋದರೆ ಅವರ ಅರ್ಧ ಗಳಿಕೆ ಹೋದಂತೆ. ನನಗೆ ತಡೆಯಲಿಲ್ಲ. ಬಿಳಿ ಹಾಳೆಯ ಮೇಲೆ ಒಂದರಿಂದ ಮೂವತ್ತರವರೆಗೆ ನಂಬರ್ ಹಾಕಿ, ನನಗೆಂದು ಮೊದಲ ಸಾಲು ಬಿಟ್ಟು, ಮನೆ ಮನೆ ತಿರುಗಿದೆ. ಗಂಡಂದಿರಿಗೆ ಗೊತ್ತಿದ್ದವರು, ಗಂಡನಿಲ್ಲದವರು ಸೇರಿ ಏಳು ಮಂದಿ ಸಹಿ ಮಾಡಿದರು. ಉಳಿದವರದು ಒಂದೊಂದು ನೆಪ. ಒಬ್ಬಳು ನನ್ನನ್ನು ಕಂಡು ಕೊಡ ಅಲ್ಲೇ ಬಿಟ್ಟು ಒಳಗೆ ಹೋದಳು. ಮೂಲೆಮನೆಯ ಸೊಸೆಗೆ ಮಾತ್ರ ನಾನು ಬಾಯಿಗೆ ಬಂದಂತೆ ಅಂದುಬಿಟ್ಟೆ. "ಮೂವತ್ತು ಮಂದಿ ಸೇರಿ ಒಬ್ಬಾಕಿನ್ನ ಮುಳಗಸ್ತೀರಲ್ಲ, ನಾಚಿಕಿ ಬರಂಗಿಲ್ಲೇನು ನಿಮಗ?"

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದಳು. "ಒಂದನೇ ನಂಬರ್ ಖಾಲಿ ಐತಲ್ರಿ ಟೀಚರ್. ಯಾರದದು?"

ನನ್ನ ಪಾಳಿಯ ದುಡ್ಡು ಗರಗದಲ್ಲಿರುವ ನನ್ನ ತಂಗಿಗೆ ಹೋಗಿತ್ತು. ನಮ್ಮ ಯಜಮಾನರಿಗೂ ತಂಗಿಯ ಗಂಡನಿಗೂ ಹೊಲದ ಜಗಳದಲ್ಲಿ ಮಾತು ಬಿಟ್ಟು ಹೋಗಿದೆ. ಆ ಮನೆಗೆ ಒಂದು ಬಿಡಿಗಾಸು ಕೊಡಕೂಡದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಮನೆಗೆ ಬಂದು ಊಟದ ಮೇಜಿನ ಮೇಲೆ ಹಾಳೆ ಇಟ್ಟು ಪೆನ್ನು ತೆರೆದೆ. "ಏನದು ಲಿಸ್ಟು?" ಅಂದರು ಯಜಮಾನರು, ಚಹಾ ಕುಡಿಯುತ್ತ.

"ಭಜನಿ ಮಂಡಳಿಗೆ ವರ್ಗಣಿ ಕೊಟ್ಟವರದು," ಅಂದೆ. ಹಾಳೆಯನ್ನು ಮಡಚಿ ಬ್ಲೌಸಿನೊಳಗೆ ತುರುಕಿಕೊಂಡೆ. ಅದೇ ಆಪಾ ಹೊಲಿದ ಬ್ಲೌಸು. ಇಲಾಖೆಗೆ, ಬ್ಯಾಂಕಿಗೆ, ಇಡೀ ಓಣಿಗೆ ಬೈದು ಬಂದವಳ ಬಾಯಿ ಅಷ್ಟರಲ್ಲೇ ಬಂದ್ ಆಗಿತ್ತು. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಮುಂದಿನ ವಾರ ಆಪಾ ತೆರಿಗೆ ಕಟ್ಟಿಬಂದರು. ಪೀಕೋ ಮಷಿನ್ ಇದ್ದ ಜಾಗದಲ್ಲಿ ಎರಡು ಖಾಲಿ ಬಕೆಟ್ ಇದ್ದವು. ಆ ತಿಂಗಳ ಮೂರು ಸಾವಿರ ಕೊಡಲು ಹೋದ ನಾನು ತಲೆ ತಗ್ಗಿಸಿಕೊಂಡು ಬಾಗಿಲಲ್ಲೇ ನಿಂತೆ. ಕ್ಷಮೆ ಕೇಳಬೇಕೆಂದರೆ ಕನ್ನಡವೂ ಬರಲಿಲ್ಲ. ಆಪಾ ನೋಟು ಎಣಿಸದೆ ತೆಗೆದುಕೊಂಡರು, ನನ್ನ ಕೈ ಹಿಡಿದುಕೊಂಡು ಸಣ್ಣ ದನಿಯಲ್ಲಿ ಅಂದರು.

"ಇನ್‌ಕಮ್ ಟ್ಯಾಕ್ಸ್ ಆಫೀಸಿನ್ಯಾಗ ಮತ್ತ ಮತ್ತ ಕೇಳಿದ್ರು ಟೀಚರ್, ಬ್ಯಾಂಕಿಗೆ ಕಟ್ಟು ಅಂತ ಯಾರ ಹೇಳಿದ್ರು ಅಂತ. ನಿಮ್ಮ ಹೆಸರ ನಾ ಹೇಳಲಿಲ್ಲ. ಅಂಜಬ್ಯಾಡ್ರಿ."