ಕರೆಂಟ್ ಆಟೊಗೆ ಹಸುವಿನ ಗಂಟೆ

ನಮ್ಮೂರ ಕೋದಂಡಪ್ಪನಿಗೆ ಸ್ವಂತ ಕಾರಿಲ್ಲ; ಆದರೂ ಹಾಲು ಕರೆಯುವಾಗಲೂ ಮೊಬೈಲಿನಲ್ಲಿ ಕಾರಿನ ಸುದ್ದಿ ಓಡುತ್ತಿರಬೇಕು. ಸೊಸೆ ಶಶಿರೇಖ ರಾಬರ್ಟ್‌ಸನ್‌ಪೇಟೆಗೆ ಓಡಿಸಲು ಕರೆಂಟ್ ಆಟೊ ತಂದಳು. ಅದಕ್ಕೆ ಸದ್ದೇ ಇಲ್ಲ. ಹಳೆ ಆಟೊದ ಡಬಡಬ ಕೇಳಿ ಹೊರಡುತ್ತಿದ್ದ ಜನ ಮನೆಯೊಳಗೇ ಉಳಿದರು.

“ಹಾರ್ನ್ ಹೊಡೀಬೋದಲ್ಲ ಮಾವ?” ಅಂದಳು ಸೊಸೆ.

“ಊರೋರನ್ನ ಬೈದಂಗಾಯ್ತದೆ! ಫಾರಿನ್ನಾಗೆ ಇಂಥ ಗಾಡಿಗೆ ಬೇಕಂತ್ಲೇ ಸದ್ದು ಮಡಗ್ತಾರೆ ಕಣಮ್ಮ,” ಎಂದು ರೇಗಿದ ಕೋದಂಡಪ್ಪ, ಕಂಡವರ ಸೊಪ್ಪು ಮೇಯುವ ತನ್ನ ಹಸುವಿನ ಗಂಟೆ ಬಿಚ್ಚಿ ಆಟೊಗೆ ಕಟ್ಟಿದ.

ಮರುದಿನ ಗಂಟೆ ಕೇಳಿದ್ದೇ ತಡ, ಹಸು ಮತ್ತೆ ನುಗ್ಗಿತೆಂದು ಮನೆಮನೆಯಿಂದ ಕೋಲು ಹಿಡಿದು ಓಡಿಬಂದರು. ಆಟೊ ಕಂಡು ನಕ್ಕು, ಕೋಲು ಗೋಡೆಗೊರಗಿಸಿ ಹತ್ತಿ ಕೂತರು. ಆಟೊ ತುಂಬಿತು.

ಅತ್ತ ಗಂಟೆಯಿಲ್ಲದ ಹಸು ಸದ್ದಿಲ್ಲದೆ ಕೋದಂಡಪ್ಪನ ಸೊಪ್ಪನ್ನೇ ಮೇಯುತ್ತಿತ್ತು.